ದುಡ್ಡಿನ ಕತೆ, ಭಾಗ 7: ದಿನಕ್ಕೆ ಎರಡಾಣೆ

ಕಳೆದ ಭಾಗದಲ್ಲಿ ಆಡಂ ಸ್ಮಿತ್ ಬಗ್ಗೆ ಓದಿದ್ರಲ್ಲ? ಕಟುಕನಾಗಲಿ ಬೇಕರಿಯವನಾಗಲಿ ನಮಗೆ ಊಟ ಒದಗಿಸೋದು ನಮ್ಮ ಮೇಲಿನ ಕರುಣೆಯಿಂದಲ್ಲ, ತನ್ನ ಲಾಭಕ್ಕೆ ಅಂತ 1776ರಲ್ಲೇ ಬರೆದ ಮನುಷ್ಯ. ಹಾಗಾದ್ರೆ ಸ್ವಾರ್ಥದಿಂದ ಊರಿಗೆ ಒಳ್ಳೇದಾಗುತ್ತಾ? ಉತ್ತರ ಹುಡುಕೋಕೆ ಸ್ಕಾಟ್ಲೆಂಡ್ ತನಕ ಹೋಗೋದು ಬೇಡ. ಉಡುಪಿಗೆ ಬನ್ನಿ.

1925. ಉಡುಪಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ, ಈ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯ್ತು.

ಸಾಲ ಕೊಡಬೇಕಾದ್ರೆ ಮೊದಲು ಠೇವಣಿ ಬೇಕಲ್ವಾ? ಊರಲ್ಲಿ ದುಡ್ಡೇ ಇರಲಿಲ್ಲ ಅಂತಲ್ಲ, ಚಿಲ್ಲರೆಯಾಗಿ ಹರಡಿಕೊಂಡಿತ್ತು. ಕೂಲಿಯವರು, ಮೀನು ಮಾರುವವರು, ಗೂಡಂಗಡಿಯವರು ಎರಡಾಣೆ ಹಿಡ್ಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತುವುದುಂಟೇ? ಹಾಗಾಗಿ 1928ರಲ್ಲಿ ಬ್ಯಾಂಕೇ ಅವರ ಬಾಗಿಲಿಗೆ ಹೋಯ್ತು. ಏಜೆಂಟ್ ದಿನಾ ಬರುತ್ತಾನೆ, ಎರಡಾಣೆ ತಗೊಂಡು ಬರೆದುಕೊಳ್ಳುತ್ತಾನೆ. ಅದೇ ಪಿಗ್ಮಿ. (ನಮ್ಮ ಬ್ಯಾಂಕಿಂಗ್ ಪೇಪರ್‌ನಲ್ಲಿ ಇದು ಎರಡು ಮಾರ್ಕಿನ ಪ್ರಶ್ನೆ, ಅಷ್ಟೇ!)

ಲೆಕ್ಕ ಹಾಕಿ. ರೂಪಾಯಿಗೆ 16 ಆಣೆ. ದಿನಕ್ಕೆ ಎರಡರಂತೆ 30 ದಿನಕ್ಕೆ 3 ರೂಪಾಯಿ 12 ಆಣೆ. ವರ್ಷ ತಪ್ಪದೆ ಕಟ್ಟಿದರೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ಸಂಜೆಯೊಳಗೆ ಕರಗಿಹೋಗಬಹುದಾದ ದುಡ್ಡು ಇದು.

ಇಲ್ಲಿ ಯಾರೂ ಪುಣ್ಯ ಕಟ್ಟಿಕೊಳ್ಳೋಕೆ ಬಂದಿರಲಿಲ್ಲ. ಬ್ಯಾಂಕಿಗೆ ಠೇವಣಿ ಬೇಕಿತ್ತು, ಏಜೆಂಟನಿಗೆ ಕಮಿಷನ್ ಬೇಕಿತ್ತು, ಕಟ್ಟುವವರಿಗೆ ನಾಲ್ಕು ಕಾಸು ಉಳೀಬೇಕಿತ್ತು. ಆದರೂ ಒಬ್ಬರ ಲಾಭ ಇನ್ನೊಬ್ಬರ ಲಾಭದ ಮೂಲಕವೇ ಹಾದುಹೋಗಬೇಕಿತ್ತು. ನನ್ನ ಪ್ರಕಾರ ಇದು ನಡೆದದ್ದಕ್ಕೆ ಇನ್ನೊಂದು ಕಾರಣ ಇದೆ: ಏಜೆಂಟ್ ನಾಳೆಯೂ ಅದೇ ಬಾಗಿಲಿಗೆ ಬರಬೇಕು. ಪುಸ್ತಕದಲ್ಲಿ ಒಂದಾಣೆ ಕಮ್ಮಿ ಬರೆದರೆ ಇಡೀ ಬೀದಿಗೆ ಸುದ್ದಿ ಮುಟ್ಟುತ್ತೆ. ಬರೀ ಸ್ವಾರ್ಥಕ್ಕೆ ಇಷ್ಟು ಶಕ್ತಿ ಇಲ್ಲ. ಒಂದೇ ಕಸುಬಿನ ವ್ಯಾಪಾರಿಗಳು ಒಟ್ಟಿಗೆ ಕೂತರೆ ಮಾತು ಬೆಲೆ ಏರಿಸೋ ಸಂಚಿಗೆ ತಿರುಗುತ್ತೆ ಅಂತ ಸ್ಮಿತ್ ಅದೇ ಪುಸ್ತಕದಲ್ಲಿ ಬರೆದಿದ್ದಾನೆ. ಆ ಸಾಲು ಯಾಕೋ ಯಾರ ನೆನಪಿಗೂ ಬರಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಚಂದದ ಕತೆ. ಆದ್ರೆ ಆ ಏಜೆಂಟನ್ನ ಇನ್ನೊಮ್ಮೆ ನೋಡಿ. ಕಲೆಕ್ಷನ್ ಆದರಷ್ಟೇ ಕಮಿಷನ್. ಕರಾವಳಿಯ ಮಳೆಗೆ ಅಂಗಡಿ ಮುಚ್ಚಿದ್ರೆ? ಜ್ವರ ಬಂದು ಮಲಗಿದ್ರೆ? 1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣ ಆಯ್ತು, ಲಾಭ ನೋಡೋ ಖಾಸಗಿ ಮಾಲೀಕರು ಹೋಗಿ ಸರ್ಕಾರ ಬಂತು. ಏಜೆಂಟ್ ಮಾತ್ರ ಕಮಿಷನ್ ಮೇಲೇ ಉಳಿದ. ಕೊನೆಗೆ ಏಜೆಂಟರು ತಾವೇ ಕೇಳಿದರು: ನಾವೂ ಕೆಲಸಗಾರರಲ್ವಾ? ಅಲ್ಲ, ನೀವು ಬರೀ ಕಮಿಷನ್ ಏಜೆಂಟರು ಅನ್ನೋದು ಬ್ಯಾಂಕುಗಳ ವಾದ. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಬ್ಯಾಂಕುಗಳು ಬಿಡಲಿಲ್ಲ, ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯ್ತು. 2001ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು: ಇವರು ಕೆಲಸಗಾರರೇ, ಈ ಕಮಿಷನ್ ಕೂಡ ಕೂಲಿಯೇ.

ಪಿಗ್ಮಿ ಶುರುವಾಗಿ ಅಷ್ಟೊತ್ತಿಗೆ 73 ವರ್ಷ. ಬ್ಯಾಂಕಿನ ಲಾಭ, ಠೇವಣಿದಾರರ ಲಾಭ ಮೊದಲ ದಿನದಿಂದಲೇ ಲೆಕ್ಕದಲ್ಲಿತ್ತು. ನಡೆದುಕೊಂಡು ಬರುವವನ ಪಾಲನ್ನು ಅವನೇ ಜಗಳ ಮಾಡಿ ಬರೆಸಬೇಕಾಯ್ತು. ಅದೂ ಸ್ವಾರ್ಥವೇ ಅನ್ನೋದಾದ್ರೆ ಅನ್ನಿ, ನನಗೆ ತಕರಾರಿಲ್ಲ.

2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯ್ತು. ಪಿಗ್ಮಿ ಹೋಗಿಲ್ಲ, ಸೌಹಾರ್ದ ಸಹಕಾರಿಗಳಲ್ಲಿ ಈಗಲೂ ನಡೀತಿದೆ, ಚೀಟಿ ಕೊಡೋಕೆ ಕೈಯಲ್ಲೊಂದು ಪುಟ್ಟ ಮಷೀನ್. ನಿಮ್ಮ ಬೀದಿಗೂ ಕಲೆಕ್ಟರ್ ಬರ್ತಾರಾ? ಬಂದ್ರೆ, ಜ್ವರ ಬಂದ ದಿನ ನಿಮಗೆ ಏನು ಸಿಗುತ್ತೆ ಅಂತ ಒಮ್ಮೆ ಕೇಳಿ ನೋಡಿ.