ಕಿತ್ತೂರಿನ ವಾಡೆ: ರಣಭೂಮಿಯಷ್ಟೇ ಅಲ್ಲ, ಮನೆಯೂ ಹೌದು

ನಮ್ಮ ಶಾಲೆಯಲ್ಲಿ ಕಲಿತವರಲ್ಲಿ ಕಿತ್ತೂರಿನ ಕೋಟೆ ನೋಡದವರು ಕಡಿಮೆ. ಕೋಟೆ ಎಂದೊಡನೆ ನಮಗೆ ನೆನಪಾಗುವುದು 1824ರ ಅಕ್ಟೋಬರ್ 23. ಆ ದಿನದ ಹೆಮ್ಮೆ ನನಗೂ ಇದೆ. ಆದರೆ ಯುದ್ಧ ನಡೆದದ್ದು ಕೆಲವೇ ದಿನ; ಅದಕ್ಕೂ ಮೊದಲು ಹಲವು ತಲೆಮಾರು ಅಲ್ಲಿ ಸಂಸಾರ ನಡೆದಿತ್ತು. ಆ ಬಗ್ಗೆ ನಾವು ಕೇಳಿದ್ದು ತೀರ ಕಡಿಮೆ.

ಕಿತ್ತೂರಿನ ದೇಸಗತಿ 1585ರಲ್ಲಿ ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಸಹೋದರರಿಂದ ಆರಂಭವಾಯಿತೆಂದು ಇತಿಹಾಸ ಹೇಳುತ್ತದೆ. ಕೋಟೆಯನ್ನು ಕಟ್ಟಿಸಿದ ಹಿರಿಮೆ ಹದಿನೇಳನೆಯ ಶತಮಾನದ ಅಲ್ಲಪ್ಪಗೌಡ ಸರದೇಸಾಯಿಗೆ ಸಲ್ಲುತ್ತದೆ. ಕಾಕತಿಯ ಚೆನ್ನಮ್ಮ ಸೊಸೆಯಾಗಿ ಈ ಮನೆಗೆ ಬಂದಾಗ ಮಲ್ಲಸರ್ಜ ದೇಸಾಯಿಯ ಹಿರಿಯ ಹೆಂಡತಿ ರುದ್ರಮ್ಮ ಇದ್ದರು. ಮಲ್ಲಸರ್ಜ 1816ರಲ್ಲಿ ತೀರಿಕೊಂಡರು. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನದು ಎಲ್ಲರಿಗೂ ಗೊತ್ತು: ಥ್ಯಾಕರೆ ಹತನಾದ, ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದ ಆಕೆಯ ಸಮಾಧಿ ಇಂದಿಗೂ ಆ ಊರಲ್ಲಿದೆ.

ಕಿತ್ತೂರಿನಲ್ಲಿ ಆಗ ಸೆರೆಸಿಕ್ಕವರಲ್ಲಿ 21 ವರ್ಷದ ವಾಲ್ಟರ್ ಎಲಿಯಟ್ ಒಬ್ಬ. ಜೀವಸಹಿತ ಹಿಂದಿರುಗಿದ ಈತನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಕಿತ್ತೂರಿನವರು ಅಂದು ಸೆರೆಯಾಳನ್ನು ಉಳಿಸಿದ್ದರಿಂದ ನಮ್ಮ ಚರಿತ್ರೆಗೂ ಲಾಭವಾಯಿತು.

ಇಂದು ಅರಮನೆಗೆ ಛಾವಣಿಯಿಲ್ಲ. ದಪ್ಪ ಗೋಡೆಗಳು, ಅಡುಗೆಮನೆ, ಊಟದ ಸ್ಥಳ, ಬಚ್ಚಲು, ಬಾವಿ, ನೀರು ಹರಿಸಿದ ವ್ಯವಸ್ಥೆಯ ಗುರುತುಗಳು ಉಳಿದಿವೆ. ಇವನ್ನು ನಿಧಾನವಾಗಿ ನೋಡಿದರೆ ಆ ಮನೆಯಲ್ಲಿ ಎಷ್ಟು ಜನರ ದುಡಿಮೆ ಇತ್ತೆಂದು ತಿಳಿಯುತ್ತದೆ. ನೀರು ಸೇದಿದವರು, ರೊಟ್ಟಿ ಬಡಿದವರು, ಸುಣ್ಣ ಅರೆದವರು ಯಾವ ನಾಟಕದಲ್ಲಿಯೂ ಬರುವುದಿಲ್ಲ. ಅವರು ನಮ್ಮಂಥ ಹಳ್ಳಿಗಳ ಜನರೇ.

ಧ್ರುವ ನಕ್ಷತ್ರ ನೋಡುವ ಕಿಂಡಿಯನ್ನೂ ಅಲ್ಲಿ ತೋರಿಸುತ್ತಾರೆ. ಮಕ್ಕಳು ಅದನ್ನು ಬರಿದೆ ಕೇಳಿ ಬಿಡಬಾರದು. ಒಂದು ಊರಿನ ಅಕ್ಷಾಂಶ ಎಷ್ಟೋ, ಧ್ರುವ ನಕ್ಷತ್ರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೆ ಕಾಣುತ್ತದೆ. ಕಿತ್ತೂರಿಗೆ ಅದು ಸುಮಾರು 15.6 ಡಿಗ್ರಿ. ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒಂದು ದಾರ, ಒಂದು ಕಲ್ಲು ಇದ್ದರೆ ಹತ್ತನೆಯ ತರಗತಿಯ ಹುಡುಗಿಯೂ ಕಿಂಡಿಯ ಓರೆಯನ್ನು ಅಳೆದು ನೋಡಬಹುದು. ಇತಿಹಾಸ, ಗಣಿತ, ಭೂಗೋಳ ಮೂರೂ ಒಂದೇ ಗೋಡೆಯಲ್ಲಿ ಸಿಗುತ್ತವೆ.

ಕೋಟೆಯ ಆವರಣದಲ್ಲಿ ಈಗ ಸರಕಾರದ ವಸ್ತುಸಂಗ್ರಹಾಲಯವಿದೆ. ಕೆತ್ತನೆಯ ಬಾಗಿಲು, ಆಯುಧಗಳು, ಶಿಲ್ಪಗಳು ಅಲ್ಲಿವೆ. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. 2024ರಲ್ಲಿ ವಿಜಯಕ್ಕೆ 200 ವರ್ಷ ತುಂಬಿತು. ಅರಮನೆಯ ಪ್ರತಿರೂಪ ಕಟ್ಟಬೇಕೆಂಬ ಮಾತೂ ಇದೆ. ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ಹೊಸದು ಎಷ್ಟೇ ಚೆಂದವಿದ್ದರೂ ಹಳೆಯ ಗೋಡೆ ಹೇಳುವುದನ್ನು ಅದು ಹೇಳಲಾರದು. ಉಳಿದ ಗೋಡೆಗೆ ಮಳೆನೀರು ಇಳಿಯದಂತೆ, ಗಿಡದ ಬೇರು ಹೊಗದಂತೆ, ಯಾರೂ ಹೆಸರು ಕೆತ್ತದಂತೆ ನೋಡಿಕೊಳ್ಳುವುದು ಮೊದಲ ಕೆಲಸ.

ನಮ್ಮ ಕೈಲಾಗುವ ಕೆಲಸವೂ ಒಂದಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ಹಳೆಯ ವಾಡೆಗಳು, ಮಣ್ಣಿನ ಮಾಳಿಗೆ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಕಂಬ, ತೊಲೆ ಮಾರಾಟವಾಗುತ್ತವೆ. ಮೋಡಿ ಲಿಪಿಯ ಕಾಗದಗಳು ಓದುವವರಿಲ್ಲದೆ ಗೆದ್ದಲಿಗೆ ಹೋಗುತ್ತವೆ. ಮನೆ ಇಳಿಸುವ ಮೊದಲು ನಾಲ್ಕು ಫೋಟೋ ತೆಗೆಯಿರಿ, ಅಜ್ಜ ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿ, ಕಾಗದಗಳನ್ನು ಸುಡಬೇಡಿ. ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಶಾಲೆಗೆ ಒಪ್ಪಿಸುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಶಾಲೆಯ ನೂರನೆಯ ವರ್ಷದ ಸಂಚಿಕೆ ಬರೆಯುವವರಿಗೆ ಅಷ್ಟಾದರೂ ನಾವು ಉಳಿಸಿರಬೇಕು.