ಮಕ್ಕಳ ಆಟಕ್ಕೆ ಮನೆಯಲ್ಲೇ ಹಿಟ್ಟಿನ ಮುದ್ದೆ

ಗಣೇಶನ ಹಬ್ಬಕ್ಕೆ ಕೆರೆಯ ಜೇಡಿಮಣ್ಣಿನಿಂದ ಮೂರ್ತಿ ಮಾಡುವುದು ಗುಬ್ಬಿ, ಕುಣಿಗಲ್ ಸೀಮೆಯ ಹಳೆಯ ರೂಢಿ. ಜೇಡಿ ಸುಲಭವಾಗಿ ದೊರೆಯದ ತುಮಕೂರು ನಗರದ ಮನೆಗಳಲ್ಲಿ ಮಕ್ಕಳ ಕೈಗೆಲಸಕ್ಕೆ ಅಡುಗೆಮನೆಯ ಹಿಟ್ಟೇ ಸಾಕು.

2 ಬಟ್ಟಲು ಮೈದಾ, 1 ಬಟ್ಟಲು ಪುಡಿ ಉಪ್ಪು, 2 ಚಮಚ ಎಣ್ಣೆ, 1 ಚಮಚ ನಿಂಬೆರಸ ಬೆರೆಸಿ, ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಈ ಸೀಮೆಯ ಬೆಳೆಯಾದ ರಾಗಿಯಲ್ಲಿ ಗೋಧಿಯ ಜಿಗುಟಿಲ್ಲ. ಬರೀ ರಾಗಿಹಿಟ್ಟಿನ ಬೊಂಬೆ ಒಣಗಿದಾಗ ಬಿರಿಯುತ್ತದೆ. ಕಂದುಬಣ್ಣಕ್ಕೆಂದು ಒಂದು ಹಿಡಿ ಸೇರಿಸಬಹುದು, ಹಳದಿಗೆ ಅರಿಸಿನ.

ಹಿಟ್ಟು ಕೆಡದಂತೆ ಕಾಯುವುದು ಉಪ್ಪು; ಅಪಾಯವೂ ಅದರದೇ. ಪುಟ್ಟ ಮಗು ಇದನ್ನು ಹೆಚ್ಚಾಗಿ ನುಂಗಿದರೆ ರಕ್ತದಲ್ಲಿ ಸೋಡಿಯಂ ಏರಿ ವಾಂತಿ, ಸೆಳವು ಉಂಟಾಗಬಹುದು. ಸಾಕುನಾಯಿಗೂ ಇದು ವಿಷವೇ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವ ಹಳೆಯ ಉಪಾಯ ಇಲ್ಲಿ ಪ್ರಾಣಕ್ಕೇ ಮುಳುವು. ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.