ಒಂದಾಣೆಯ ಊಟ

ಶಾಲೆಯ ಬಿಸಿಯೂಟ ಅಂದ್ರೆ ನಮಗೆ ನೆನಪಾಗೋದು ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ. ಆದರೆ ಈ ಕತೆಯ ಒಂದು ಮೊದಲ ಪುಟ ಇರೋದು ಒಂದು ಊರಿನ ಕಾರ್ಪೊರೇಷನ್ನಿನಲ್ಲಿ.

1920ರ ಮದರಾಸು. ಕಾರ್ಪೊರೇಷನ್ ಅಧ್ಯಕ್ಷರು ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿ. ಥೌಸಂಡ್ ಲೈಟ್ಸ್‌ನ ಕಾರ್ಪೊರೇಷನ್ ಶಾಲೆಗೆ ಬರುತ್ತಿದ್ದವರು ಬಡವರ ಮಕ್ಕಳು. ಮನೆಯ ಬಡತನದಿಂದಾಗಿ ಶಾಲೆಯಲ್ಲಿ ಮಕ್ಕಳೇ ನಿಲ್ಲುತ್ತಿಲ್ಲ ಅನ್ನೋದು ಅವರ ವಾದ. ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಒಪ್ಪಿತು: ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರದಂತೆ ಮಧ್ಯಾಹ್ನದ ಉಪಾಹಾರ. ಒಂದಾಣೆ ಅಂದ್ರೆ ರೂಪಾಯಿಯ ಹದಿನಾರನೇ ಒಂದು ಪಾಲು, ಅಷ್ಟೇ. ಮುಂದೆ ಇನ್ನೂ ನಾಲ್ಕು ಶಾಲೆಗಳಿಗೆ ಅದು ಹಬ್ಬಿತು.

1925ರಲ್ಲಿ ನಿಂತೂ ಹೋಯಿತು. ಪ್ರಾಥಮಿಕ ಶಿಕ್ಷಣದ ನಿಧಿಯನ್ನು ಊಟಕ್ಕೆ ಖರ್ಚು ಮಾಡುವಂತಿಲ್ಲ ಎಂದಿತು ಬ್ರಿಟಿಷ್ ಸರ್ಕಾರ. ಲೆಕ್ಕದ ಪುಸ್ತಕದಲ್ಲಿ ಪಾಠವೇ ಬೇರೆ, ಹೊಟ್ಟೆಯೇ ಬೇರೆ!

ಆದರೆ ಯೋಚನೆ ಸಾಯಲಿಲ್ಲ. 1956ರಲ್ಲಿ ಕಾಮರಾಜರ ಸರ್ಕಾರ ಅದನ್ನು ರಾಜ್ಯಕ್ಕೇ ವಿಸ್ತರಿಸಲು ಹೊರಟಿತು. 2001ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿತು. ಮರುವರ್ಷ ನಮ್ಮ ಅಕ್ಷರ ದಾಸೋಹ ಶುರುವಾಯಿತು.

ಆ ಕೌನ್ಸಿಲ್ ಮೇಲಿನವರ ಯೋಜನೆಗೆ ಕಾಯುತ್ತಾ ಕೂರಲಿಲ್ಲ. ತನ್ನದೇ ಒಂದು ಶಾಲೆಯಿಂದ ಶುರು ಮಾಡಿತು. ಸೋತದ್ದು ದುಡ್ಡು ಯಾವ ಲೆಕ್ಕದಿಂದ ಅನ್ನೋ ಪ್ರಶ್ನೆಗೆ. ಮುಂದಿನ ಸಲ ಯಾರಾದ್ರೂ ಕಾರ್ಪೊರೇಟರ್ ಆಗೋಕೆ ವೋಟು ಕೇಳಿದಾಗ ರಸ್ತೆ, ಕಸದ ಜೊತೆ ಇದನ್ನೂ ಕೇಳೋಣ: ನಮ್ಮ ವಾರ್ಡಿನ ಮಕ್ಕಳಿಗೆ ಬಜೆಟ್‌ನಲ್ಲಿ ಎಷ್ಟಿಟ್ಟಿದ್ದೀರಿ?